ಹ್ಯೋಸುಕ್‌ಳ ಬಲಗೈ

“ಸಹಿ ಹಾಕೋಕೆ ಬೇರೆ ಯಾರೂ ಸಿಗ್ಲಿಲ್ವಾ?”

“ಸಿಕ್ಕಿದ್ರೆ ನಿಮ್ಮ ಮುಖ ಯಾಕೆ ನೋಡ್ತಿದ್ದೆ? ಮೀನು ಹಿಡಿದು ಮುಗೀತಾ?”

ಕೊರಿಯಾದ ಬೂಸಾನ್‌ನ ಆಸ್ಪತ್ರೆಯಲ್ಲಿ ಮೂರು ವರ್ಷಗಳ ನಂತರ ಗಂಡಹೆಂಡಿರು ಎದುರಾದದ್ದು ಹೀಗೆ. ಹೆಂಡತಿಯನ್ನು ಒಂದು ಮಾತೂ ಕೇಳದೆ ಸಾಂಗ್‌ಬೇ ದೂರ ಸಮುದ್ರದ ಮೀನು ಹಡಗಿಗೆ ಹೆಸರು ಕೊಟ್ಟಿದ್ದ. ಅವನು ಹೊರಟ ದಿನವೇ ಹ್ಯೋಸುಕ್ ಮನೆ ಬಿಟ್ಟಿದ್ದಳು. ಆದರೂ ಕಾಗದದಲ್ಲಿ ಅವನೇ ಗಂಡ; ಆಪರೇಷನ್‌ಗೆ ಮನೆಯವರ ಸಹಿ ಬೇಕು.

ಹ್ಯೋಸುಕ್ ಊರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ಕೂಲಿಗೆ ಹೆಂಗಸರ ಮೈ ಉಜ್ಜುವವಳು. ಇಪ್ಪತ್ತು ವರ್ಷ ಅವಳಿಗೆ ಅನ್ನ ಹಾಕಿದ್ದು ಬಲಗೈ. ಈಗ ಬಲ ಸ್ತನದಲ್ಲೇ ಕ್ಯಾನ್ಸರ್.

“ಮೊದಲು ಕಂಕುಳಿನ ಎರಡು ಮೂರು ಗ್ರಂಥಿ ತೆಗೆದು ನೋಡ್ತೀವಿ,” ಎಂದರು ಡಾಕ್ಟರ್ ಮಿನ್. “ಕ್ಯಾನ್ಸರ್ ಒಂದೆರಡರಲ್ಲಿ ಮಾತ್ರ ಇದ್ರೆ ಉಳಿದವನ್ನ ಬಿಟ್ಟು ರೇಡಿಯೇಷನ್ ಕೊಡಬಹುದು. ಎಲ್ಲ ತೆಗೆದ್ರೆ ಕೈ ಬಾತುಕೊಳ್ಳೋ ಭಯ ಹೆಚ್ಚು.”

“ಎಲ್ಲ ತೆಗೆದುಬಿಡಿ ಡಾಕ್ಟ್ರೇ! ಒಂದೂ ಉಳಿಸ್ಬೇಡಿ!” ಎಂದ ಸಾಂಗ್‌ಬೇ. ಅವನ ತಾಯಿಯನ್ನು ಇದೇ ರೋಗ ಒಯ್ದಿತ್ತು.

ಹ್ಯೋಸುಕ್‌ಳ ಮನಸ್ಸು ಕಲ್ಲಾಯಿತು. ಮತ್ತೆ ಅದೇ! ಮೈ ನನ್ನದು, ತೀರ್ಮಾನ ಇವರದು...

“ಒಂದೆರಡರಲ್ಲಿದ್ರೆ ಉಳಿದದ್ದನ್ನ ಮುಟ್ಬೇಡಿ. ಈ ಕೈ ಹೋದ್ರೆ ನಾನು ಹೇಗೆ ಬದುಕ್ಲಿ?”

ಆಪರೇಷನ್ ನಡುವೆ ಡಾಕ್ಟರ್ ಹೊರಗೆ ಬಂದರು.

“ಎರಡರಲ್ಲಿದೆ. ಅವರು ಹೇಳಿದ ಹಾಗೆ ಇಲ್ಲಿಗೇ ನಿಲ್ಲಿಸಬಹುದು. ಮನೆಯವರಾಗಿ ನೀವೇನಂತೀರಿ?”

ಉಳಿಸುವವನೂ ಒಯ್ಯುವವನೂ ದೇವರೇ ಎಂದು ಬಲ್ಲವರಿಗೂ ಆ ಗಳಿಗೆ ಹಗುರವಲ್ಲ. ಸಾಂಗ್‌ಬೇ ಬಾಯಿ ತೆರೆದ...

ಹ್ಯೋಸುಕ್ ಕಣ್ಣು ತೆರೆದಾಗ ಅವನು ಗೋಡೆಗೆ ಮುಖ ಮಾಡಿ ಅಳುತ್ತಿದ್ದ. ಅವಳಿಗೆ ಅರ್ಥವಾಗಿಹೋಯಿತು. ನನ್ನ ಕೈ ಹೋಯಿತು!

“ಎಲ್ಲ ತೆಗೆಸಿಬಿಟ್ರಾ? ಹೇಳಿ!”

“ಇಲ್ಲ... ಎರಡರಲ್ಲಿತ್ತು. ‘ಅವಳು ಹೇಳಿದ ಹಾಗೇ ಮಾಡಿ’ ಅಂದೆ. ಈಗ ಜೀವ ಹೊಡ್ಕೋತಿದೆ ಕಣೇ. ನಾಳೆ ನಿಂಗೇನಾದ್ರೂ ಆದ್ರೆ...”

ಅವಳು ಅವನತ್ತ ತಿರುಗಿ ನೋಡಿದಳು. ಇಷ್ಟು ಹೆದರಿಯೂ ಈ ಮನುಷ್ಯ ನನ್ನ ಮಾತು ನಡೆಸಿದನೇ?

“ನಂಗೂ ಭಯ ಇದೆ ರೀ,” ಎಂದಳು. “ರೇಡಿಯೇಷನ್‌ಗೆ ವಾರಗಟ್ಟಲೆ ಬರ್ಬೇಕಂತೆ.”

“ನಾನು... ಜೊತೆಗೆ ಬರ್ಲಾ?”

“ನನ್ನ ಕೇಳ್ತಿದೀರಾ?”

“ಹೂಂ. ಕೇಳ್ತಿದೀನಿ.”

ಅವಳು ಕಣ್ಣೊರೆಸಿಕೊಂಡಳು.

“ಬನ್ನಿ. ಮೊದ್ಲು ಗಡ್ಡ ಬೋಳಿಸ್ಕೊಳ್ಳಿ.”