ಹವಾಮಾನದ ಡಾಕ್ಟ್ರು ಯಾವ ಮಹಡೀಲಿ?

ಪರೀಕ್ಷೆ ಮಾಡಲೆಂದು ಮ್ಯಾನೇಜರ್ ಎದುರಿಗೇ ನಿಂತಿದ್ದರೂ ರಿಸೆಪ್ಷನ್ ಹುಡುಗಿ ಆಸ್ಪತ್ರೆಯ ಎಲ್ಲ ವಿಭಾಗಗಳ ಹೆಸರನ್ನೂ ಮೈಕಿನಲ್ಲಿ ಎಲ್ಲೂ ಎಡವದೆ ಹೇಳಿ ಮುಗಿಸಿದಾಗ, ಔಷಧಿ ಕೌಂಟರಿನವನ ಎದೆ ಧಸಕ್ಕೆಂದಿತು. ಹಿಗ್ಗಬೇಕಾದವನು ಅವನೇ ತಾನೇ? ಕಲಿಸಿದ್ದೂ ಅವನೇ. ಆದರೆ ಪರೀಕ್ಷೆ ಪಾಸಾಗಿ ಅವಳ ಕೆಲಸ ಕಾಯಂ ಆಯಿತೆಂದರೆ ಪಾಠವೂ ಮುಗಿಯಿತಲ್ಲ, ಪಾಪ!

ರಿಸೆಪ್ಷನ್ನಿಗೆ ಹೊಸದಾಗಿ ಸೇರಿದಾಗ ಅವಳು 'ಗ್ಯಾಸ್ಟ್ರೋಎಂಟರಾಲಜಿ'ಯ ನಡುವೆ ಸಿಕ್ಕಿಬಿದ್ದಿದ್ದಳು. ಕಾಯುತ್ತಿದ್ದ ರೋಗಿಗಳೆಲ್ಲ ನೋವು ಮರೆತು ನಕ್ಕಿದ್ದರು. ಅವತ್ತು ಕ್ಯಾಂಟೀನಿನಲ್ಲಿ ಸಪ್ಪೆ ಮೋರೆ ಹಾಕಿಕೊಂಡು ಕೂತವಳ ಮುಂದೆ ಅವನು ಚಹಾ ತಂದಿಟ್ಟಿದ್ದ.

"ಉದ್ದ ಪದಾನ ಇಡಿಯಾಗಿ ನುಂಗೋಕೆ ಹೋಗ್ಬೇಡಿ, ತುಂಡು ಮಾಡಿ," ಎಂದು ಮೇಜಿನ ಮೇಲೆ ಬೆರಳು ಬಡಿದ. "ಗ್ಯಾಸ್. ಟ್ರೋ. ಎನ್. ಟ. ರಾ. ಲ. ಜಿ. ಕೊನೇಲಿ 'ಲಜಿ' ಬಂತು ಅಂದ್ರೆ ಅದರ ಹಿಂದಿನ ತುಂಡನ್ನ ಒತ್ತಿ ಹೇಳಿ. ಅಷ್ಟೇ."

"ರಾ!" ಎಂದಳು. ಒತ್ತಿ ಹೇಳುವಾಗ ಅವಳ ಎಡಹುಬ್ಬು ತಾನಾಗಿಯೇ ಮೇಲೇರಿತು. ಅವನು ಕೆಟ್ಟಿದ್ದು ಅಲ್ಲೇ.

ಆಮೇಲೆ ದಿನಕ್ಕೊಂದು ಪದ, ಒಂದು ಚಹಾ. ಕಾರ್ಡಿಯಾಲಜಿ, ರೇಡಿಯಾಲಜಿ ಎನ್ನುತ್ತಾ ಆಸ್ಪತ್ರೆಯ ಬೋರ್ಡುಗಳೆಲ್ಲ ಮುಗಿದುಹೋದವು. ಇವತ್ತು ಪರೀಕ್ಷೆ ಮುಗಿದ ಮೇಲೂ ಅವನು ಹೊಸ ಪದವೊಂದನ್ನು ಎಲ್ಲಿಂದಲೋ ಹುಡುಕಿಕೊಂಡು ಕ್ಯಾಂಟೀನಿಗೆ ಬಂದಿದ್ದ.

"ಮೀಟಿಯರಾಲಜಿ."

"ಮೀ. ಟಿ. ಯ. ರಾ. ಲ. ಜಿ." ಹುಬ್ಬು ಸರಿಯಾದ ಜಾಗದಲ್ಲೇ ಏರಿತು. "ಹಾಗಂದ್ರೆ ಏನ್ರೀ?"

"ಹವಾಮಾನ ಶಾಸ್ತ್ರ."

"ಅಯ್ಯೋ! ನಮ್ಮಲ್ಲಿ ಹವಾಮಾನದ ಡಾಕ್ಟ್ರು ಯಾವ ಮಹಡೀಲಿ ಕೂರ್ತಾರೆ?"

ಪಕ್ಕದ ಮೇಜಿನಲ್ಲಿದ್ದ ಹಿರಿಯ ನರ್ಸ್, ಎಲ್ಲರ ಬಾಯಲ್ಲೂ ದೊಡ್ಡಕ್ಕ, ಲೋಟ ಕೈಲಿ ಹಿಡಿದು ಎದ್ದರು. "ಅವನ ಹತ್ರ ಪದ ಖಾಲಿ ಕಣೇ. ಇನ್ನು ಬಾಯಿ ಬಿಡಿಸೋದು ನಿಂಗೆ ಬಿಟ್ಟಿದ್ದು," ಎಂದು ನಗುತ್ತಾ ಹೊರಟೇಹೋದರು.

ಅವನ ಕಿವಿ ಕೆಂಪಗಾಯಿತು. ಈಗ ಹೇಳದಿದ್ದರೆ ನಾಳೆ ಅವಳು ಈ ಮೇಜಿಗೆ ಬರುವುದಕ್ಕೆ ಕಾರಣವೇ ಇರುವುದಿಲ್ಲ.

"ನಾಳೆ ನೀವು... ಅಂದ್ರೆ, ಪಾಠ ಇಲ್ದಿದ್ರೂ... ನಾನೇನ್ ಹೇಳೋಕೆ ಹೊರಟೆ ಅಂದ್ರೆ..."

"ಹೇಳಿ ಮೇಷ್ಟ್ರೇ. ನಾನೆಲ್ಲೂ ಓಡಿಹೋಗಲ್ಲ."

"ನೀವಂದ್ರೆ ನಂಗೆ ತುಂಬಾ ಇಷ್ಟ. ನಾಳೆ ನೀವು ಬರದೇ ಇದ್ರೆ ನನ್ನ ಕೈಲಿ ಆಗಲ್ಲ."

ಅವಳು ನಗಲಿಲ್ಲ. ಮೇಜಿನ ಮೇಲಿದ್ದ ಅವನ ಬೆರಳುಗಳ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಆ 'ಲಜಿ' ಗುಟ್ಟು ನಂಗೆ ಮೊದಲನೇ ದಿನಾನೇ ಅರ್ಥ ಆಗಿತ್ತು ಕಣ್ರೀ. ಇಷ್ಟು ದಿನ ಯಾಕೆ ಬರ್ತಿದ್ದೆ ಅಂದ್ಕೊಂಡ್ರಿ? ಈ ಚಹಾಕ್ಕಾ?"