ಷಣ್ಮುಖಪ್ಪನವರ ವಿಮಾನಕ್ಕೆ ಆಯುಧಪೂಜೆ

ಷಣ್ಮುಖಪ್ಪನವರು ವಿಮಾನ ಕೊಂಡ ದಿನದಿಂದ ಶಿವರಾಜನಿಗೆ ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಮರ್ಯಾದೆಯಿಂದಿದ್ದವನನ್ನು, "ಬಾರೋ, ನನ್ನ ಗಿರಣಿ ನೋಡ್ಕೋ, ಮ್ಯಾನೇಜರ್ ಮಾಡ್ತೀನಿ" ಎಂದು ಕೆಲಸ ಬಿಡಿಸಿದ್ದು ಇದೇ ಅಕ್ಕನ ಗಂಡ. ತೊಂಬತ್ತೆಂಟನೇ ಇಸವಿ ಬಂದರೂ ಮ್ಯಾನೇಜರ್ ಕುರ್ಚಿಯ ಸುದ್ದಿಯಿಲ್ಲ. ಶಿವರಾಜ ವಿಮಾನ ಒರೆಸುತ್ತಿದ್ದ. ವಿನೋಬನಗರದ ಮನೆಗೆ ಬಂದವರಿಗೆಲ್ಲ ಬಾವ ಮಾಡಿಕೊಡುವ ಪರಿಚಯವೂ ಹಾಗೆಯೇ: "ಇವ್ನು ನನ್ನ ಭಾಮೈದ. ಒರೆಸೋದ್ರಲ್ಲಿ ಎತ್ತಿದ ಕೈ."

ಬಾವ ಇಲ್ಲವಾದರೆ ಗಿರಣಿ ಅಕ್ಕ ಸುಭದ್ರಮ್ಮನಿಗೆ. ಅಕ್ಕನಿಗೆ ಅದರ ತಲೆಬುಡ ತಿಳಿಯದು. ಅಂದಮೇಲೆ ಕುರ್ಚಿಗೆ ಶಿವರಾಜನನ್ನು ಬಿಟ್ಟು ಬೇರೆ ಗತಿಯಿಲ್ಲ.

ಅವನು ಆಯುಧಪೂಜೆಗೇ ಮುಹೂರ್ತ ಇಟ್ಟ. ಅಂದು ಊರಿನ ಸೈಕಲ್ಲು, ಲಾರಿಗಳೆಲ್ಲ ಸ್ನಾನ ಮಾಡುತ್ತವೆ; ವಿಮಾನವೇನು ಮೈಲಿಗೆಯಲ್ಲಿರಬೇಕೆ? ಭದ್ರಾವತಿಯಾಚೆಯ ಸ್ವಂತ ರನ್‌ವೇಯಲ್ಲಿ ಪೈಪು ಹಿಡಿದು ಅದನ್ನು ತೊಳೆದವರು ಸ್ವತಃ ಷಣ್ಮುಖಪ್ಪನವರು, ಅದೂ ಶಿವಮೊಗ್ಗದಿಂದ ಕರೆಸಿದ ಫೋಟೋಗ್ರಾಫರನ ಮುಂದೆ. ನಾಳೆ ಪೆಟ್ರೋಲ್ ಟ್ಯಾಂಕಿನಲ್ಲಿ ನೀರು ಸಿಕ್ಕರೆ ತಪ್ಪು ಸತ್ತವನದೇ. ಎಲ್ಲರೂ ಪಾನಕಕ್ಕೆ ಹೋದಾಗ ಶಿವರಾಜ ಎರಡೂ ರೆಕ್ಕೆಯೊಳಗಿನ ಟ್ಯಾಂಕುಗಳಿಗೆ ಒಂದೊಂದು ಚೊಂಬು ನೀರು ಹುಯ್ದ. ಹಾರುವ ಮುಂಚೆ ಟ್ಯಾಂಕಿನ ತಳದಿಂದ ಒಂದಿಷ್ಟು ಇಳಿಸಿ, ನೀರಿದೆಯೇ ಎಂದು ಬಾಟಲಿಯಲ್ಲಿ ನೋಡುವ ಪದ್ಧತಿಯಿತ್ತು. ಅದೂ ಅವನದೇ ಕೆಲಸ. ಅಪ್ಪಟ ಪೆಟ್ರೋಲಿನ ಬಾಟಲಿ ಆಗಲೇ ಜೇಬಿನಲ್ಲಿತ್ತು.

ಉಳಿದದ್ದನ್ನು ಇಂಜಿನ್ನೇ ನೋಡಿಕೊಳ್ಳುತ್ತದೆ. ಪೈಪಿನಲ್ಲಿರುವ ಒಳ್ಳೆಯ ಪೆಟ್ರೋಲಿನಲ್ಲಿ ಓಡಿ ಮೇಲೇಳುತ್ತದೆ. ತೆಂಗಿನ ಮರದ ಎತ್ತರ ದಾಟುವಷ್ಟರಲ್ಲಿ ನೀರು ಕುಡಿದು ಕೆಮ್ಮುತ್ತದೆ. ರನ್‌ವೇ ಮುಗಿದಲ್ಲಿ ಕಲ್ಲಿನ ಕ್ವಾರಿ. ಬಾವ ಯಾವತ್ತೂ ತಾವೇ ವಿಮಾನ ನಡೆಸುತ್ತ ಒಬ್ಬರೇ ಹಾರುವವರು. ಬೇರೆಯವರು ಕೂತರೆ ಸೀಟು ಕೊಳೆಯಾಗುತ್ತದೆ ಎಂಬ ಸಂಕಟ. ಒಂದೇ ಹೆಣದಲ್ಲಿ ಮುಗಿಯುವ ಪಾಪ ಎಂದು ಶಿವರಾಜನಿಗೆ ಸಮಾಧಾನವೂ ಇತ್ತು.

ಪೂಜೆ ಮಾಡಿಸಿದವರು ವಿಶ್ವಾರಾಧ್ಯ ಅಯ್ಯನವರು. ಕುಂಬಳಕಾಯಿ ಒಡೆದದ್ದಾಯಿತು. ಶಿವರಾಜ ಬಾಟಲಿ ಎತ್ತಿ ತೋರಿಸಿದ, ಬಾವ ತಲೆಯಾಡಿಸಿದರು. ಹಬ್ಬದ ಹುಮ್ಮಸ್ಸಿಗೆ ಅವರಿಗೆ ಇದ್ದಕ್ಕಿದ್ದಂತೆ ಧಾರಾಳತನ ಉಕ್ಕಿತು.

"ಅಯ್ನೋರೇ, ಹತ್ರಿ, ಒಂದು ರೌಂಡ್ ಹೋಗ್ಬರಾಣ. ಕಲ್ಲಪ್ಪ, ನೀನೂ ಬಾ."

ಕಲ್ಲಪ್ಪ ಹೊಳೆಹೊನ್ನೂರಿನ ಹಳೆಯ ಸ್ನೇಹಿತ. ಪಂಚೆ ಎತ್ತಿಕಟ್ಟಿ ಹತ್ತಿಯೇಬಿಟ್ಟ. ಶಿವರಾಜ ಹೆಣಗಳ ಲೆಕ್ಕ ತಿದ್ದಿದ. ಇಬ್ಬರು ಹೆಚ್ಚಾದರು. ಕುರ್ಚಿಯನ್ನು ನೆನೆದು ಅದನ್ನೂ ನುಂಗಿಕೊಂಡ.

ಸೀಟಿನಲ್ಲಿ ಕುಳಿತ ಅಯ್ಯನವರು ಸುತ್ತ ನೋಡಿ ಬೆರಳು ಮಡಿಸಿದರು. "ಮೂರು ಜನ ಹೊರಡಬಾರ್ದು ಕಣ್ರೀ. ಇನ್ನೊಬ್ರು ಬೇಕು." ಸುಭದ್ರಮ್ಮ ತಮ್ಮನ ರಟ್ಟೆ ಹಿಡಿದು ನೂಕಿದಳು: "ಹತ್ತೋ ಮಾರಾಯ, ನಿಮ್ ಬಾವಂಗೆ ಒಳ್ಳೇದಾಗ್ಲಿ." ಹೊಟ್ಟೆನೋವು ಎಂದು ಉಳಿದರೆ, ವಿಮಾನ ಬಿದ್ದ ಮೇಲೆ ಪೊಲೀಸರು ಮೊದಲು ಹುಡುಕುವುದು ಹೊಟ್ಟೆನೋವಿನವನನ್ನು. ನೀರಿದೆ ಎಂದು ಬಾಯಿಬಿಟ್ಟರೆ ಪೊಲೀಸರು ಅಲ್ಲಿಯತನಕವೂ ಕಾಯಬೇಕಿಲ್ಲ. ಹೀಗೆ ಅವನು ಯೋಚಿಸುತ್ತಿರುವಾಗಲೇ ಹೊರಗಿನಿಂದ ಅಕ್ಕ ಬಾಗಿಲು ಹಾಕಿದಳು, ಇಂಜಿನ್ ಗುಡುಗಿತು, ಎದುರಿನ ರನ್‌ವೇ ಓಡತೊಡಗಿತು. ಶಿವರಾಜ ಬೆಲ್ಟು ಬಿಗಿದುಕೊಂಡ. ಚೊಂಬಿನ ನೀರಿನಿಂದ ಹಿಡಿದು ಕ್ವಾರಿಯ ದೂರದವರೆಗೆ ಎಲ್ಲವನ್ನೂ ಅಳೆದಿದ್ದವನು, ದಿನಾ ತಾನೇ ಒರೆಸುವ ವಿಮಾನದಲ್ಲಿ ನಾಲ್ಕು ಸೀಟುಗಳಿವೆ ಎಂಬುದೊಂದನ್ನು ಮಾತ್ರ ಎಣಿಸಿರಲಿಲ್ಲ.