ಜುಲೈಯಲ್ಲಿ ಸಿಕ್ಕಿದ ಕೋಣೆ

ಮೊಂಟಾನಾದ ರಾಷ್ಟ್ರೀಯ ಉದ್ಯಾನದ ಲಾಡ್ಜಿನಲ್ಲಿ ಜುಲೈಯಲ್ಲಿ ಕೋಣೆ ಸಿಗಬೇಕಾದರೆ ಯಾರಾದರೂ ಬುಕಿಂಗ್ ರದ್ದು ಮಾಡಬೇಕು. ನಮಗೂ ಹಾಗೇ ಸಿಕ್ಕಿತು. ಒಳಗಿದ್ದ ತೂಗುಕುರ್ಚಿ ತಾನಾಗಿಯೇ ತೂಗುತ್ತಿತ್ತು. ಎಷ್ಟು ಒರೆಸಿದರೂ ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ತೂಗ್ಲಿ ಬಿಡು. ಈ ರೂಮು ಬಿಟ್ರೆ ಟೆಂಟೇ ಗತಿ," ಎಂದಳು ಹೆಂಡತಿ ಲೋರ್ನಾ.

ಸಂಜೆ ನೋಡಿದರೆ ಕುರ್ಚಿ ಮಕ್ಕಳ ಮಂಚದ ಪಕ್ಕಕ್ಕೆ ಬಂದಿತ್ತು. ಮಕ್ಕಳಿಬ್ಬರನ್ನೂ ಎತ್ತಿ ಕಾರಿಗೆ ಹಾಕಿಕೊಂಡೆವು. ಲೋರ್ನಾ ಕಾರು ಓಡಿಸಿದಳು, ನಾನು ಬುಕಿಂಗ್ ರದ್ದು ಮಾಡಿದೆ. ಮರುಕ್ಷಣವೇ ಆ ಕೋಣೆ ಹಿಡಿದವನು ಪಕ್ಕದ ಬಯಲಲ್ಲಿ ಟೆಂಟು ಹಾಕಿ ಕಾಯುತ್ತಿದ್ದ ಅವಳ ತಮ್ಮ ಕರ್ಟಿಸ್. ಬೇಡವೆಂದರೂ ಕೇಳಲಿಲ್ಲ.

ಹೆದ್ದಾರಿ ಸೇರುವಷ್ಟರಲ್ಲಿ ಅವನ ಫೋನು ಬಂತು. "ಏನ್ ಭಾವಾ, ಇಷ್ಟು ಪುಕ್ಕಲಾ? ಕುರ್ಚಿ ಅಲ್ಲಾಡ್ತಾನೂ ಇಲ್ಲ, ಒಂದು ತೊಟ್ಟು ನೀರೂ ಇಲ್ಲ!"

ಹಿಂದೆ ತಿರುಗಿ ನೋಡಿದೆ. ಮಕ್ಕಳಿಬ್ಬರ ನಡುವಿನ ಖಾಲಿ ಸೀಟಿಗೆ ಬೆಲ್ಟು ಬಿಗಿದಿತ್ತು. ಸೀಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.